ಅಂಚಿಲ್ಲದ ಜೌಗು

ಈಗಲೂ ಯಾರದಾದರೂ ಮನೆಯಲ್ಲಿ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದರೆ, ಆ ಟರ್ಪೆಂಟೈನಿನ ವಾಸನೆಗೆ ನಾನು ಹೊಸಿಲಲ್ಲೇ ನಿಂತುಬಿಡುತ್ತೇನೆ. ಅರಕಲಗೂಡಿನ ನಮ್ಮ ಮನೆಯ ಪಡಸಾಲೆ ಒಂದು ವರ್ಷವಿಡೀ ಹಾಗೆ ನಾರುತ್ತಿತ್ತು. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರು. ಹೂಜಿ, ಮಾವಿನಕಾಯಿಗಳನ್ನು ಗೆರೆ ತಪ್ಪದ ಹಾಗೆ ಬರೆಯಲು ಕಲಿಸುತ್ತಿದ್ದವರು. ಅವರು ಮೈಸೂರಿನಿಂದ ಎಣ್ಣೆಬಣ್ಣದ ಟ್ಯೂಬುಗಳನ್ನು ತರಿಸಿದ್ದು ಲಲಿತಕ್ಕ ಹೋದ ಮೇಲೆ.

ಲಲಿತಕ್ಕ ನನಗಿಂತ ಆರು ವರ್ಷ ದೊಡ್ಡವಳು. ದಿನಾ ಮಂಡಿಗಳ ನಡುವೆ ನನ್ನನ್ನು ಕೂರಿಸಿಕೊಂಡು ಜಡೆ ಹಾಕುತ್ತಿದ್ದವಳು ಅವಳೇ. ಒಂದು ಮಳೆಗಾಲದ ಬೆಳಿಗ್ಗೆ, ಕೆರೆಯ ಹಿಂದಿನ ಜೌಗಿಗೆ ಕೇದಿಗೆ ಹೂ ತರಲು ಹೋದಳು. ಹುಲ್ಲೆಂದು ಕಾಲಿಟ್ಟ ಕಡೆ ಹುಲ್ಲಿನ ಕೆಳಗೆ ನೆಲವಿರಲಿಲ್ಲ. ಚಾಪೆ ಹೆಣೆಯಲು ಆಪು ಕೊಯ್ಯುತ್ತಿದ್ದ ನಿಂಗಜ್ಜ ಕೂಗು ಕೇಳಿ ಓಡಿಬಂದು ಎಳೆದು ಹಾಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಲ್ಲಿ ಯಾರೂ ಹೆಚ್ಚು ಅಳಲಿಲ್ಲ. ಅಮ್ಮ ಹೊತ್ತಿಗೆ ಸರಿಯಾಗಿ ಸಾರು ಕುದಿಸಿದಳು, ನಾವು ಉಂಡೆವು. ಸಾವಾದ ಮನೆಯಲ್ಲಿ ಬೆಳೆದವರಿಗೆ ಆ ಊಟ ಗೊತ್ತಿರುತ್ತದೆ.

ಆಮೇಲೆ ಪ್ರತಿ ಭಾನುವಾರ ಅಪ್ಪ ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ಹೊತ್ತು ಆ ಜೌಗಿಗೇ ಹೋಗತೊಡಗಿದರು. ಕುಂಚಗಳ ಚೀಲ ಹಿಡಿದು ನಾನೂ ಹಿಂದೆ ಹೋಗುತ್ತಿದ್ದೆ. ಅಪ್ಪ ಪೆನ್ಸಿಲ್ ಮುಟ್ಟುತ್ತಿರಲಿಲ್ಲ, ಗೆರೆ ಹಾಕುತ್ತಿರಲಿಲ್ಲ. ಹಸಿರಿನ ಪಕ್ಕ ನೇರಳೆ, ನೇರಳೆಯ ಮೇಲೆ ಎಳೆ ಅರಿಸಿನದ ಬಣ್ಣ, ಹೀಗೆ ಚುಕ್ಕಿಚುಕ್ಕಿಯಾಗಿ ದಪ್ಪಗೆ ಮೆತ್ತುತ್ತಿದ್ದರು. ಬಿಸಿಲು ಸರಿದರೆ ಕುಂಚ ಕೆಳಗಿಟ್ಟು ಮನೆಗೆ ಹೊರಡುವುದು. ಮುಂದಿನ ವಾರ ಅದೇ ಬೆಳಕಿಗೆ ಮತ್ತೆ ಬರುವುದು.

ಒಮ್ಮೆ ನಿಂಗಜ್ಜ ಕುಡುಗೋಲು ಹಿಡಿದೇ ಬಂದು ಇಣುಕಿದ. "ಇದೇನ್ ಸಾ, ಅಂಚೇ ಇಲ್ವಲ್ಲ? ನೀರ್ ಯಾವ್ದು, ನೆಲ ಯಾವ್ದು?"

"ಅದೇ ಕಣಜ್ಜ," ಎಂದರು ಅಪ್ಪ. "ಆ ಮಗೂಗೂ ಗೊತ್ತಾಗ್ಲಿಲ್ಲ."

ನಿಂಗಜ್ಜ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಆಪಿನ ಕಡೆ ಹೊರಟುಹೋದ. ವರ್ಷದಿಂದ ಯಾರಿಗೂ ಹೇಳದಿದ್ದ ಮಾತು ಆಗ ನನ್ನ ಬಾಯಿಂದ ಬಂತು. "ಅಪ್ಪ, ಕೇದಿಗೆ ಜಡೆ ಬೇಕು ಅಂತ ಅವತ್ತು ಹಟ ಮಾಡ್ದೋಳು ನಾನು."

ಅಪ್ಪ ತಿರುಗಲಿಲ್ಲ. "ಗೊತ್ತು ಕಣವ್ವ. ಅವ್ಳು ಹೇಳೇ ಹೋಗಿದ್ಳು," ಎಂದರು. ಆಮೇಲೆ, "ಆ ಬಿಳೀ ಟ್ಯೂಬ್ ಕೊಡು," ಎಂದು ಕೈ ಚಾಚಿದರು. ಕೊಟ್ಟೆ. ಏನೂ ಅನ್ನಿಸಲಿಲ್ಲ. ಕಾಲಿಗೆ ಇರುವೆ ಕಚ್ಚುತ್ತಿದ್ದುದಷ್ಟೇ ಗೊತ್ತಾಗುತ್ತಿತ್ತು.

ಮುಗಿದ ಚಿತ್ರವನ್ನು ಪಡಸಾಲೆಯ ಗೋಡೆಗೆ ಒರಗಿಸಿದರು. ಅಮ್ಮ ಅದರ ಮುಂದೆ ತಲೆ ತಗ್ಗಿಸಿಕೊಂಡೇ ಓಡಾಡಿದಳು. ಒಂದು ಮಧ್ಯಾಹ್ನ ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಬಂದು ನಿಂತು, "ಎಲ್ಲಿ?" ಎಂದಳು. ಅಷ್ಟೇ. ಅಪ್ಪ ಬೆರಳಿಟ್ಟು ತೋರಿಸಿದರು. ಅಮ್ಮ ಅಂಗೈಯನ್ನು ಅಲ್ಲಿ ಒತ್ತಿ ಹಿಡಿದಳು. ಬಣ್ಣ ಇನ್ನೂ ಹಸಿಯಿತ್ತು. ಮೂಡಿದ ಗುರುತನ್ನು ಅಪ್ಪ ತಿದ್ದಲಿಲ್ಲ. ಮತ್ತೆ ಕುಂಚ ಹಿಡಿಯಲೂ ಇಲ್ಲ.

ಅಪ್ಪ ಅಮ್ಮ ಇಬ್ಬರೂ ಹೋದರು. ಆಮೇಲೆ ನಾನಿದ್ದ ಹಾಸನದ ಬಾಡಿಗೆ ಮನೆಯ ಶೀತಕ್ಕೆ ಚಿತ್ರ ಬೂಸ್ಟು ಹಿಡಿದು ಹಾಳಾಯಿತು. ಬಹಳ ಕಾಲದ ಮೇಲೆ ಒಮ್ಮೆ ಕೆರೆಯ ಹಿಂದಕ್ಕೆ ಹೋಗಿ ನೋಡಿದೆ. ಜೌಗನ್ನು ಮಣ್ಣು ತುಂಬಿ ಗಟ್ಟಿ ಮಾಡಿದ್ದರು. ಮುಸುಕಿನ ಜೋಳ ನನ್ನೆತ್ತರ ನಿಂತಿತ್ತು. ಬದುವಿನ ಮೇಲೆ ನಿಂತು, ಈಗಲಾದರೂ ಅಳು ಬರಬಹುದೆಂದು ಕಾದೆ. ರಾಮನಾಥಪುರದ ಕಡೆಯಿಂದ ಬಸ್ಸು ಬಂತು. ಕೈ ತೋರಿಸಿ ಹತ್ತಿದೆ.