ವಸ್ತ್ರದ ಕೆಳಗಿನ ಬೆಲೆ

ಯಾದಗಿರಿ ಸ್ಟೇಷನ್ ಆಚೆ, ಹಳಿ ದಾಟಿದರೆ ಸಿಗುವ ಹೊಸ ಸಾಲಿನಲ್ಲಿ ಒಂದು ಮನೆಗೆ ಎಂಟು ಸಾವಿರ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಒಬ್ಬರು ಹೇಳಿದರು, ಉಳಿದ ಮೂವರು ಅದನ್ನೇ ಹಿಡಿದುಕೊಂಡರು. ಇದ್ದದ್ದೇ ನಾಲ್ಕು ಮನೆ. ಹೈದರಾಬಾದ್ ರಾಜ್ಯ ಒಡೆದು ನಮ್ಮ ಕಡೆಯ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರುತ್ತವೆ ಎಂಬ ಮಾತು ಆಗ ಗಟ್ಟಿಯಾಗುತ್ತಿತ್ತು. ಸೇರಿದ ಮೇಲೆ ಹೊಸ ಜಿಲ್ಲೆ ಆಗುತ್ತದೆ, ಅದರ ಕಚೇರಿ ಇಲ್ಲಿಗೇ ಬರುತ್ತದೆ, ಯಾಕೆಂದರೆ ರೈಲು ಇರುವುದು ಇಲ್ಲಿ ಎಂದು ಯಾದಗಿರಿಯವರು ಹೇಳುತ್ತಿದ್ದರು. ಶಹಾಪುರದವರು ಶಹಾಪುರಕ್ಕೆ ಎನ್ನುತ್ತಿದ್ದರು. ಸುರಪುರದವರು ವಾದಕ್ಕೇ ಇಳಿಯುತ್ತಿರಲಿಲ್ಲ. ರಾಜರಿದ್ದ ಊರು ಬಿಟ್ಟು ಕಚೇರಿ ಇನ್ನೆಲ್ಲಿಗೆ ಹೋದೀತು ಎಂಬುದು ಅವರ ನಂಬಿಕೆ.

ಬರಲಿರುವ ಅಧಿಕಾರಿಗಳಿಗಾಗಿಯೇ ಆ ನಾಲ್ಕು ಮನೆ ಕಟ್ಟಿದ್ದರು. ಸಾಹೇಬರು ಅರ್ಜಿದಾರರನ್ನು ನೋಡಲೆಂದು ಪ್ರತಿ ಮನೆಗೂ ಮುಂದುಗಡೆ ಬೇರೆ ಬಾಗಿಲಿನ ಒಂದು ಕೋಣೆ. ನೆಲಕ್ಕೆ ನುಣುಪು ಪರಸಿಕಲ್ಲು, ಕಿಟಕಿಗೆ ಗಾಜು. ರಾಜ್ಯವೇನೋ ಕೂಡಿತು. ಆದರೆ ನಾವು ಮೊದಲಿನಂತೆ ಗುಲಬರ್ಗಾ ಜಿಲ್ಲೆಯಲ್ಲೇ ಉಳಿದೆವು. ಸಾಹೇಬರು ಬರಲಿಲ್ಲ. ಗಾಜಿನ ಕಿಟಕಿಯಲ್ಲಿ ಆಡುಗಳು ತಮ್ಮ ಮುಖ ನೋಡಿಕೊಂಡು ಹೋಗುತ್ತಿದ್ದವು.

ಊರಿನ ಉಳಿದ ಕಡೆ ಬೆಲೆ ಇಳಿಯತೊಡಗಿತು. ಶಹಾಪುರ ರಸ್ತೆಯ ಖಾಲಿ ಜಾಗಗಳಿಗೆ ಒಂದು ಸಂತೆಯಲ್ಲಿ ಕೇಳಿದ ಬೆಲೆಯನ್ನು ಮುಂದಿನ ಸಂತೆಯಲ್ಲಿ ಕೇಳಲು ಮಾರುವವರೇ ನಾಚುತ್ತಿದ್ದರು. ಹೊಸ ಸಾಲಿನವರು ಮಾತ್ರ ಅಲುಗಲಿಲ್ಲ. ಒಬ್ಬರು ಇಳಿಸಿದರೆ ನಾಲ್ಕೂ ಮನೆ ಬಿದ್ದಂತೆ ಎಂದು, ಎಂಟಕ್ಕಿಂತ ಕಡಿಮೆ ಯಾರೂ ಬಾಯಲ್ಲಿ ಆಡಬಾರದೆಂದು ತಮ್ಮೊಳಗೆ ಮಾತು ಮಾಡಿಕೊಂಡಿದ್ದರು. ಯಾರಾದರೂ ಮನೆ ನೋಡಲು ಬಂದರೆ ಉಳಿದ ಮೂವರೂ ಬಂದು ಕಟ್ಟೆಯ ಮೇಲೆ ಕಾವಲು ಕೂರುತ್ತಿದ್ದರು.

ನನ್ನ ಅಪ್ಪ ತಹಸಿಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಆ ವರ್ಷ ನಿವೃತ್ತರಾಗುವವರಿದ್ದರು. ಸುರಪುರದಲ್ಲಿ ಅಜ್ಜನ ಮನೆಯ ಒಂದು ಪಾಲು ನಮಗಿತ್ತು. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು ಯಾದಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಪ್ಪನ ತೀರ್ಮಾನ ಸರಳವಾಗಿತ್ತು. ಊಟಕ್ಕೆ ಕುಳಿತಾಗ ಅದನ್ನು ಅವ್ವನಿಗೆ ಹೇಳಿದರು: "ಐದು ಸಾವಿರಕ್ಕ ಒಂದು ಮನಿ ಸಿಕ್ಕರ ಇಲ್ಲೇ ಇರೋಣು. ಇಲ್ಲಂದ್ರ ಯುಗಾದಿ ಮುಗದ ಮ್ಯಾಲ ಸುರಪುರ."

ಮದುವೆಯಾಗದ ಹುಡುಗಿ ಒಂದೂರಲ್ಲಿ ಒಬ್ಬಳೇ ಇರುವುದು ಆಗದ ಮಾತು. ಸುರಪುರಕ್ಕೆ ಹೋದರೆ ನನ್ನ ನೌಕರಿ ಹೋಗುತ್ತಿತ್ತು. ಇನ್ನೊಂದು ರೊಟ್ಟಿ ಬೇಕೇ ಎಂದು ಅವ್ವ ಕೇಳಿದಾಗ ಬೇಡ ಎಂದೆ.

ಅವ್ವನ ತಮ್ಮ, ನನ್ನ ಸೋದರಮಾವ, ಕೊಂಕಲ್‌ನಲ್ಲಿ ಕುರಿ ವ್ಯಾಪಾರ ಮಾಡುತ್ತಿದ್ದ. ಸಂತೆಗೆ ಬಂದವನು ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ. ಹೊಸ ಸಾಲಿನ ಕೊನೆಯ ಮನೆಯ ಸುದ್ದಿ ತಂದವನು ಅವನೇ. ಅದರ ಒಡತಿ ವಡಗೇರಾದ ಹೆಂಗಸು, ಎಮ್ಮೆ ಕಟ್ಟಿ ಹಾಲು ಮಾರಿ ಗಳಿಸಿದ್ದರಲ್ಲಿ ಆ ಮನೆ ಕಟ್ಟಿಸಿದ್ದಳು. ಈಗ ವಡಗೇರಾಕ್ಕೆ ಮರಳಿ ಮತ್ತೆ ಎಮ್ಮೆ ಕಟ್ಟುವ ಮನಸ್ಸು ಮಾಡಿದ್ದಳು.

"ಬಾಯಿಲೆ ಕೇಳಿದ್ರ ಆಕಿ ಎಂಟೇ ಅಂತಾಳ. ಮಾತು ಕೊಟ್ಟು ಕುಂತಾಳ. ಕೈಲೆ ಕೇಳಬೇಕು" ಎಂದ ಮಾವ.

ಕೈಯಿಂದ ಕೇಳುವುದೆಂದರೆ ಕುರಿ ಸಂತೆಯ ಪದ್ಧತಿ. ಕೊಳ್ಳುವವನೂ ಮಾರುವವನೂ ಒಂದು ವಸ್ತ್ರದ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಹಿಡಿದ ಬೆರಳುಗಳೇ ಬೆಲೆ. ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಒಪ್ಪಿಗೆಯಾಗುವ ಮೊದಲು ಕೈ ಹೊರಗೆ ಬಂದರೆ ವ್ಯಾಪಾರ ಮುರಿದಂತೆ, ಆ ದಿನ ಮತ್ತೆ ಕೇಳುವಂತಿಲ್ಲ.

"ಮನಿ ಅಂದ್ರ ಕುರಿ ಏನು?" ಎಂದರು ಅಪ್ಪ.

"ನೀ ಆಕಿ ಕೈ ಹಿಡಕೊಂಡು ಕೂಡತೀ?" ಎಂದು ಅವ್ವ ತಮ್ಮನನ್ನು ಕೇಳಿದಳು. "ನಾವು ಊರಾಗ ತಿರಗ್ಯಾಡೋದು ಬ್ಯಾಡೇನು?"

"ನಾ ಯಾಕ ಹಿಡೀಲಿ? ಹೆಣ್ಮಗಳ ಕೈ ಹೆಣ್ಮಗಳು ಹಿಡೀಲಿ. ನೀ ಬಾ."

"ನನಗ ಕಚಗುಳಿ ಆಗತದ. ಒಂದು ಬೆರಳು ಹಿಡಿಯೂದ್ರಾಗ ನಕ್ಕು ಎಲ್ಲಾ ಹಾಳು ಮಾಡತೀನಿ."

ಇಬ್ಬರೂ ನನ್ನ ಕಡೆ ನೋಡಿದರು.

"ಇಕಿ ಬರೋಬ್ಬರಿ" ಎಂದ ಮಾವ. "ಮಾರಿ ನೋಡು. ಮನಿಗೆ ಬೆಂಕಿ ಹತ್ತಿದ್ರೂ ಹಿಂಗೇ ಇರತದ. ಇಂಥಾ ಮಾರಿ ನನಗ ಇದ್ದಿದ್ರ ಇಷ್ಟೊತ್ತಿಗೆ ಆ ನಾಕೂ ಮನಿ ನಾನೇ ತಗೋತಿದ್ದೆ."

ನನ್ನ ಮುಖದಲ್ಲಿ ಏನೂ ಕಾಣುವುದಿಲ್ಲ ಎಂಬ ಆ ಮಾತನ್ನು ಹೊಗಳಿಕೆ ಎಂದೇ ತಿಳಿದೆ. ಮಾವ ಬೆರಳಿನ ಲೆಕ್ಕ ಕಲಿಸಿದ. ಬೇಗ ಬಂತು. ಕಾಲೇಜಿನಲ್ಲಿ ಕಲಿತ ತರ್ಕಶಾಸ್ತ್ರಕ್ಕಿಂತ ಅದರಲ್ಲಿ ಗೊಂದಲ ಕಡಿಮೆ.

ಭಾನುವಾರ ನಾಲ್ವರೂ ಹೋದೆವು. ಮೂವರು ಮಾಲಕರು ಆಗಲೇ ಕಟ್ಟೆ ಹಿಡಿದಿದ್ದರು. ಒಡತಿ ಪಡಸಾಲೆಯಲ್ಲಿ ಚಾಪೆ ಹಾಸಿ, "ಬರ್ರಿ ಅಕ್ಕೋರ, ಕೂಡ್ರಿ. ಸಾಲಿ ಮಾಸ್ತರಿಣಿ ವ್ಯಾಪಾರಕ್ಕ ಬಂದಾರಂದ್ರ ನಾ ಹುಷಾರ್ ಇರಬೇಕು" ಎಂದಳು. ಮಾವ ಹೆಗಲ ಮೇಲಿನ ವಸ್ತ್ರ ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದ. ಕಟ್ಟೆಯ ಮೇಲಿನವರು ಕತ್ತು ಉದ್ದ ಮಾಡಿದರು.

ಎಮ್ಮೆ ಹಿಂಡಿ ಪಳಗಿದ ಕೈ ಅದು. ನನ್ನ ಐದೂ ಬೆರಳು ಒಮ್ಮೆ ಹಿಡಿದು ಬಿಟ್ಟು, ಮತ್ತೆರಡು ಹಿಡಿಯಿತು. ಬೆರಳಿಗೊಂದು ಸಾವಿರ, ಅಂದರೆ ಎಂಟರಿಂದ ಒಂದು ಸಾವಿರ ಆಗಲೇ ಇಳಿದಿತ್ತು. ಅದೇ ಹೊತ್ತಿಗೆ ಅವಳ ಬಾಯಿ ಕಟ್ಟೆಗೆ ಕೇಳುವಂತೆ ಹೇಳಿತು: "ಎಂಟಕ್ಕ ಒಂದು ಪೈಸಾ ಕಮ್ಮಿ ಇಲ್ಲ ನೋಡ್ರಿ."

ನಾನು ನಾಲ್ಕು ಹಿಡಿದೆ.

"ಮನಿ ಅಂತೂ ಎಂಟರದ್ದೇ ಬಿಡ್ರಿ" ಎಂದು ಮಾವ ಗಟ್ಟಿಯಾಗಿ ಹೊಗಳಿದ. "ಪರಸಿ ನೋಡ್ರಿ, ಕನ್ನಡಿ ಇದ್ದಂಗ ಅದ."

ಅವಳು ಆರಕ್ಕೆ ಬಂದಳು. ನಾನು ನಾಲ್ಕೂವರೆಗೆ ಹೋದೆ. ಅವಳು ಐದೂವರೆ ಒತ್ತಿದಳು. ನಾನು ಐದು ಹಿಡಿದೆ. ಅವಳು ಮತ್ತೆ ಐದೂವರೆ. ನಾನು ಮತ್ತೆ ಐದು. ಅದರಾಚೆ ನನಗೆ ಅಧಿಕಾರವಿರಲಿಲ್ಲ.

ವಸ್ತ್ರದ ಕೆಳಗೆ ಕೈ ಹೇಳುವುದಕ್ಕೂ ಮೇಲೆ ಬಾಯಿ ಆಡುವುದಕ್ಕೂ ಸಂಬಂಧವಿರುವುದಿಲ್ಲ ಎಂಬುದನ್ನು ಮಾವ ಅಪ್ಪನಿಗೆ ಹೇಳಿರಲಿಲ್ಲ. ಸಂತೆಯವರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ಅಪ್ಪ ಕಚೇರಿಯ ಮನುಷ್ಯ. ಆಡಿದ್ದೇ ಮಾತು, ಬರೆದದ್ದೇ ಮಾತು. ಎಂಟು ಎಂಬುದನ್ನು ಇಷ್ಟು ಸಲ ಕೇಳಿದ ಮೇಲೆ ಎದ್ದು ಟೋಪಿ ಸರಿಮಾಡಿಕೊಂಡರು.

"ಸಾಕು. ನಡಿ ಹೋಗೋಣು."

ನಾನು ಕೂತೇ ಇದ್ದೆ.

"ಕೇಳಸಲಿಲ್ಲೇನು? ನಡಿ ಅಂದೆ."

ಅಪ್ಪನ ಮಾತನ್ನು ಎರಡನೇ ಸಲ ಹೇಳಿಸಿದ್ದು ಅದೇ ಮೊದಲು. ಮಾವ ಅಪ್ಪನ ಅಂಗಿ ತೋಳು ಹಿಡಿದು ಜಗ್ಗಿದ. ಅವ್ವ ಕಿಟಕಿಯ ಗಾಜು ನೋಡತೊಡಗಿದಳು. ನಾನು ಐದು ಬೆರಳನ್ನೂ ಹಿಡಿದುಕೊಂಡೇ ಇದ್ದೆ, ಸ್ವಲ್ಪ ಹೆಚ್ಚೇ ಬಿಗಿಯಾಗಿ. ಒಡತಿ ನನ್ನ ಮುಖ ನೋಡಿದಳು. ಅಲ್ಲಿ ಏನೂ ಸಿಕ್ಕಿರಲಾರದು. ಆದರೆ ಕೈ ಬೆವೆತಿತ್ತು, ಅದು ಅವಳಿಗೆ ತಿಳಿದಿರಬೇಕು. ಅವಳು ಒಮ್ಮೆ ನಕ್ಕು, ನನ್ನ ಐದು ಬೆರಳನ್ನೂ ಹಿಡಿದು ಅಲ್ಲಾಡಿಸಿದಳು.

"ಅಕ್ಕೋರು ಕೈ ಬಿಡವಲ್ರು. ಹೋಗ್ಲಿ, ಎಂಟಕ್ಕ ಕೊಟ್ಟೆ" ಎಂದು ಗಟ್ಟಿಯಾಗಿ ಹೇಳಿದಳು.

ಕಟ್ಟೆಯ ಮೇಲಿನವರು ಅಪ್ಪನಿಗೆ ಕೈ ಮುಗಿದು, ಛಲೋ ಮಾಡಿದ್ರಿ ಎಂದರು. ಅಪ್ಪ ಮತ್ತೆ ಚಾಪೆಯ ಮೇಲೆ ಕುಳಿತರು. ಅವರ ಮುಖದಲ್ಲಿ ಮಾತ್ರ ಎಲ್ಲವೂ ಕಾಣುತ್ತಿತ್ತು.

ಮುಂದೆ ಆ ಮೂವರೂ ಒಂಬತ್ತು ಕೇಳತೊಡಗಿದರು. ಸಾಲಿನಲ್ಲಿ ಒಂದು ಮನೆ ಎಂಟಕ್ಕೆ ಹೋಗಿದ್ದನ್ನು ಅವರೇ ಕಣ್ಣಾರೆ ಕಂಡಿದ್ದರಲ್ಲ. ಯಾರೂ ಕೊಳ್ಳಲಿಲ್ಲ. ಮೂರು ಮನೆಗಳೂ ಬಾಗಿಲು ಹಾಕಿಕೊಂಡು ಕೂತವು. ಹೆಪ್ಪಿಗೆ ಒಂದು ಹನಿ ಮಜ್ಜಿಗೆ ಬೇಕಾದರೂ ಹಳಿ ದಾಟಿ ಹೋಗಬೇಕಾಗಿದೆ ಎಂದು ಅವ್ವ ತಮ್ಮನನ್ನು ಬೈದಳು. ಎಷ್ಟೋ ತಿಂಗಳಾದ ಮೇಲೆ ಒಬ್ಬರು ಬಾಯಿಬಿಟ್ಟೇ ಆರು ಎಂದರು, ಆಮೇಲೆ ಉಳಿದವರೂ ಇಳಿದರು. ನಾವು ಕೊಟ್ಟದ್ದೆಷ್ಟು ಎಂದು ನಾವಾಗಿ ಯಾರಿಗೂ ಹೇಳಲಿಲ್ಲ.

ಅದೆಲ್ಲ ಆಮೇಲಿನದು. ಆ ಭಾನುವಾರ ಮನೆಗೆ ಮರಳುವಾಗ ರೈಲ್ವೆ ಗೇಟು ಹಾಕಿತ್ತು. ಮಾವ ಅಲ್ಲಿ ಅಪ್ಪನಿಗೆ ನಿಜವಾದ ಬೆಲೆ ಹೇಳಿದ. ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ನನ್ನ ಕಡೆ ತಿರುಗಿದರು.

"ನಾ ನಡಿ ಅಂದಾಗ ಯಾಕ ಬರಲಿಲ್ಲ?"

"ಕೈ ಬಿಟ್ಟಿದ್ರ ವ್ಯಾಪಾರ ಮುರೀತಿತ್ತು."

"ಮುರದ್ರ ಸುರಪುರಕ್ಕ ಹೋಗತಿದ್ವಿ."

"ಹೌದು. ಅದಕ್ಕೇ ಬಿಡಲಿಲ್ಲ."

ಗೂಡ್ಸ್ ಗಾಡಿ ಬಂತು. ಅಪ್ಪ ಅದರ ಡಬ್ಬಿಗಳನ್ನು ಕೊನೆಯವರೆಗೂ ಎಣಿಸಿದರು. ಗೇಟು ಏಳುತ್ತಿದ್ದಂತೆ ಅಪ್ಪ, "ನಿನ್ನ ಸಾಲಿ ಎಷ್ಟಕ್ಕ ಶುರು?" ಎಂದರು.

"ಹತ್ತಕ್ಕ."

"ಹಂಗಾದ್ರ ಒಂಬತ್ತಕ್ಕೇ ಮನಿ ಬಿಡಬೇಕು ನೀ. ಈ ಗೇಟಿಂದು ನಂಬಾಕ ಬರಂಗಿಲ್ಲ."