ನಿಂಗರಾಜ ಎಳೆದ ಅಡ್ಡಗೆರೆ

ಆ ದಿನ ಬುಧವಾರ. ಸಂಜೆ ಏಳರ ಸುಮಾರು. ಅನ್ನಪೂರ್ಣ ರೊಟ್ಟಿ ಬಡಿಯುತ್ತಿದ್ದಳು. ಖಾನಾವಳಿ ಎಂದರೆ ಬೇರೇನಲ್ಲ, ಅವರ ಬಾಡಿಗೆ ಮನೆಯ ಮುಂದಿನ ಕೋಣೆ. ಅಲ್ಲಿ ಆರು ಜನ ಊಟಕ್ಕೆ ಕಾದು ಕೂತಿದ್ದರು. ಗಂಡ ನಿಂಗರಾಜ ಆಫೀಸಿನಿಂದ ಬಂದವನೇ ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತ. ಜೇಬಿನಿಂದ ಹಳದಿ ರಟ್ಟಿನ ಚೀಟಿ ತೆಗೆದ.

"ಕೇಳಿಲ್ಲಿ, ಒಂದು ಚೀಟಿ ಐತಿ."

"ಓದ್ರಿ."

ಅವನು ಓದಿದ. ರೊಟ್ಟಿ ಬಡಿಯುವ ಸದ್ದಿನಲ್ಲಿ ಅವಳಿಗೆ ಮಾತ್ರೆ ಅನ್ನುವುದು ಕೇಳಿಸಿತು, ಗಂಟೆ ಅನ್ನುವುದು ಕೇಳಿಸಿತು. ನಡುವಿನದು ಕೇಳಿಸಲಿಲ್ಲ. ಹೊರಗಿನಿಂದ ಯಾರೋ, "ಆಂಟಿ, ಇನ್ನೆರಡು ರೊಟ್ಟಿ" ಅಂದರು.

"ತಿಳೀತೇನು?"

"ಹೂಂ."

"ಸರಿ ಅನಸ್ತೈತೇನು?"

"ಹೂಂ ಅಂದೆನಲ್ರಿ. ಏಳ್ರಿ ಅತ್ಲಾಗ, ದಾರಿಗೇ ಕೂತೀರಿ."

ಅವನು ನಕ್ಕ. ಪೆನ್ನು ತೆಗೆದು ಚೀಟಿಯ ಮೂಲೆಯಲ್ಲಿ ಅಡ್ಡಗೆರೆ ಎಳೆದ. ಆಮೇಲೆ ಎದ್ದು ಊಟಕ್ಕೆ ಕೂತವರಿಗೆ ತಾಟು ಕೊಟ್ಟ. ಅವತ್ತು ಬೇರೇನೂ ಆಗಲಿಲ್ಲ.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ನಿಂಗರಾಜ ಬಾಗಲಕೋಟೆ ಕಡೆಯವನು. ಓದಿದ್ದು ಪಿಯುಸಿ. ಬೆಂಗಳೂರಿಗೆ ಬಂದು ಮೊದಲು ಒಂದು ಕೊರಿಯರ್ ಆಫೀಸಿನಲ್ಲಿ ವಿಳಾಸ ಟೈಪ್ ಮಾಡುತ್ತಿದ್ದ. ಜನ ಎಲ್ಲೆಲ್ಲಿ ತಪ್ಪು ಬರೆಯುತ್ತಾರೆ ಅನ್ನುವುದು ಅವನಿಗೆ ಅಲ್ಲೇ ಚೆನ್ನಾಗಿ ತಿಳಿಯಿತು. ಅದನ್ನು ನೋಡಿಯೇ ಬಿಟಿಎಂ ಲೇಔಟಿನ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನವರು ಅವನನ್ನು ಕರೆದುಕೊಂಡರು. ಪ್ರೋಗ್ರಾಂ ಬರೆಯುವುದು ಬೇರೆಯವರು, ಅದು ಸರಿಯಿದೆಯೇ ಎಂದು ನೋಡುವುದು ಅವನು.

ಆ ಆಫೀಸಿನಲ್ಲಿ ಮೊದಲು ದಪ್ಪ ಪುಸ್ತಕ ಬರೆಯುತ್ತಿದ್ದರು. ಗಿರಾಕಿಗೆ ಏನೇನು ಬೇಕೋ ಎಲ್ಲ ಅದರಲ್ಲಿ. ಗಿರಾಕಿ ಸಹಿ ಹಾಕುತ್ತಿದ್ದ. ಎಂಟು ತಿಂಗಳಾದ ಮೇಲೆ ಪ್ರೋಗ್ರಾಂ ತಯಾರಾಗುತ್ತಿತ್ತು. ಆಗ ಗಿರಾಕಿ, ನಾನು ಕೇಳಿದ್ದು ಇದಲ್ಲ ಅನ್ನುತ್ತಿದ್ದ. ಎರಡು ಸಲ ಹೀಗಾದ ಮೇಲೆ ಬುದ್ಧಿ ಬಂತು. ಎರಡೆರಡು ವಾರದ ತುಂಡು ಮಾಡಿ ಕೆಲಸ ಶುರು ಮಾಡಿದರು. ಅದಕ್ಕೆ ಅಜೈಲ್ ಅಂತ ಹೆಸರು. ಒಂದೊಂದು ಬೇಡಿಕೆಗೆ ಒಂದೊಂದು ಹಳದಿ ಚೀಟಿ. ಎರಡು ವಾರಕ್ಕೊಮ್ಮೆ ಸೋಮವಾರ ಗಿರಾಕಿಗೆ ತೋರಿಸುವುದು.

ಚೀಟಿಯಲ್ಲಿ ಬರೆದ ಹಾಗೆ ಪ್ರೋಗ್ರಾಂ ನಡೆದರೆ ನಿಂಗರಾಜ ಮೂಲೆಯಲ್ಲಿ ಒಂದು ಉದ್ದಗೆರೆ ಎಳೆಯುತ್ತಿದ್ದ. ಅದಕ್ಕೆ ಕಂಪ್ಯೂಟರ್ ಮುಂದೆ ಕೂತರೆ ಸಾಕು.

"ಚೀಟ್ಯಾಗ ಬರದದ್ದ ತಪ್ಪಿದ್ರ?" ಅಂತ ಅವನೇ ಕೇಳುತ್ತಿದ್ದ. "ಅದನ್ನ ಕಂಪ್ಯೂಟರ್ ಹೇಳೂದಿಲ್ಲ. ಮನಷ್ಯಾರ ಹೇಳಬೇಕು."

ಹಾಗಾಗಿ ಚೀಟಿಯನ್ನು ಮನೆಗೆ ತಂದು ಹೆಂಡತಿಗೆ ಓದುತ್ತಿದ್ದ. ಅನ್ನಪೂರ್ಣ ಓದಿದ್ದು ನಾಲ್ಕನೇ ಇಯತ್ತೆ. ಅವಳು ಕೇಳಿ, ತಿಳಿದು, ಇದು ಸರಿ ಅಂದ ಮೇಲೆಯೇ ಅಡ್ಡಗೆರೆ. ಎರಡೂ ಗೆರೆ ಕೂಡಿ ಕೂಡಿಸುವ ಗುರುತಿನ ಹಾಗೆ ಆದರೆ ಚೀಟಿ ಗಿರಾಕಿಗೆ ಹೋಗಬಹುದು.

ಒಂದು ಸಲ ಗ್ಯಾಸ್ ಏಜೆನ್ಸಿಯ ಚೀಟಿ ಬಂದಿತ್ತು. ಮನೆ ನಂಬರ್ ಬರೆಯದಿದ್ದರೆ ಸಿಲಿಂಡರ್ ಬುಕ್ ಆಗಬಾರದು ಅಂತ.

"ನಮ್ಮ ಓಣ್ಯಾಗ ಯಾವ ಮನಿಗೆ ನಂಬರ್ ಐತ್ರಿ?" ಅಂದಳು ಅನ್ನಪೂರ್ಣ. "ಗಣಪತಿ ಗುಡಿ ಹಿಂದಿನ ನೀಲಿ ಗೇಟು ಅಂತೇವಿ. ನಮಗ ಗ್ಯಾಸ್ ಬ್ಯಾಡೇನು?"

ಆ ಚೀಟಿ ತಿದ್ದಲು ವಾಪಸ್ ಹೋಯಿತು. ಆಫೀಸಿನ ಹುಡುಗರು ತಮಾಷೆ ಮಾಡುತ್ತಿದ್ದರಂತೆ, "ಸಾರ್, ಅತ್ತಿಗೆ ಪಾಸ್ ಮಾಡಿದ್ರಾ ಫೇಲ್ ಮಾಡಿದ್ರಾ?" ಅಂತ. ಎರಡು ಗೆರೆ ಬಿದ್ದ ಒಂದು ಚೀಟಿಯೂ ಗಿರಾಕಿಯಿಂದ ತಿರುಗಿ ಬಂದಿರಲಿಲ್ಲ. ಅವನಿಗೆ ಇದ್ದ ಹೆಮ್ಮೆ ಅದೊಂದೇ.

ಆ ಬುಧವಾರದ ಮಾರನೇ ದಿನ, ಗುರುವಾರ ಬೆಳಿಗ್ಗೆ, ನಿಂಗರಾಜ ಬೇರೆ ಅಂಗಿ ಹಾಕಿಕೊಂಡು ಆಫೀಸಿಗೆ ಹೊರಟ. ಬಸ್‌ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕೂತನಂತೆ. ಏಳಲಿಲ್ಲ. ನಲವತ್ತೆರಡು ವಯಸ್ಸು. ಊರಿಗೆ ಒಯ್ದು ಮಣ್ಣು ಮಾಡಿದರು.

ಹದಿನೈದು ದಿನ ಬಿಟ್ಟು ಅನ್ನಪೂರ್ಣ ತಿರುಗಿ ಬಂದು ಖಾನಾವಳಿ ತೆರೆದಳು. ಬಾಡಿಗೆ ಮನೆ, ಕೂತರೆ ನಡೆಯುವುದಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಆಫೀಸಿನ ವಿಜಯಕುಮಾರ್ ಬಂದ. ನಿಂಗರಾಜನ ತಂಡದ ಮುಖ್ಯಸ್ಥ. ವಯಸ್ಸಿನಲ್ಲಿ ಚಿಕ್ಕವನು. ಬಾಗಿಲಲ್ಲೇ ನಿಂತ.

"ಅತ್ತಿಗೆ, ಕೇಳೋಕೆ ಒಂಥರಾ ಆಗುತ್ತೆ. ಸಾರ್ ಹತ್ರ ಒಂದು ಚೀಟಿ ಇತ್ತು. ನರ್ಸಿಂಗ್ ಹೋಮ್‌ದು. ಸೋಮವಾರ ತೋರಿಸ್ಬೇಕು."

ಬುಧವಾರದ ಅಂಗಿ ಮೊಳೆಯಲ್ಲಿ ಹಾಗೇ ಇತ್ತು. ಅವಳು ಒಗೆದಿರಲಿಲ್ಲ. ಜೇಬಿಗೆ ಕೈ ಹಾಕಿದಳು. ಚೀಟಿ ಸಿಕ್ಕಿತು. ಮೂಲೆಯಲ್ಲಿ ಎರಡು ಗೆರೆ.

ವಿಜಯಕುಮಾರನ ಮುಖ ಅರಳಿತು. "ಅಡ್ಡಗೆರೆನೂ ಹಾಕಿದ್ದಾರೆ. ಹಾಗಾದ್ರೆ ಆಯ್ತು."

ಅವನು ಕೈ ಚಾಚಿದ. ಅವಳು ಚೀಟಿ ಬಿಡಲಿಲ್ಲ.

"ಏನ್ ಬರದೈತಿ, ಓದಪಾ."

"ಸಕ್ಕರೆ ಕಾಯಿಲೆ ಮಾತ್ರೆ ಅತ್ತಿಗೆ. ಔಷಧಿ ಚೀಟೀಲಿ ಗಂಟೆ ಅಚ್ಚಾಗ್ಬೇಕು, ಬೆಳಿಗ್ಗೆ ಎಂಟು, ರಾತ್ರಿ ಎಂಟು ಅಂತ. ಡಾಕ್ಟ್ರೇ ಕೇಳಿದ್ದು. ಊಟ ಆದ್ಮೇಲೆ ಅಂತ ಹೇಳಿದ್ರೆ ಜನ ಮರೀತಾರಂತೆ."

ಅನ್ನಪೂರ್ಣ ಹಿತ್ತಲ ಕಡೆ ತಿರುಗಿದಳು. ಪಾತ್ರೆ ತೊಳೆಯುವ ರುದ್ರಮ್ಮ ಅಲ್ಲಿ ಕೂತಿದ್ದಳು. ಅವಳಿಗೂ ಸಕ್ಕರೆ ಕಾಯಿಲೆ. ತೋರಿಸುತ್ತಿದ್ದುದೂ ಅದೇ ನರ್ಸಿಂಗ್ ಹೋಮಿನಲ್ಲಿ.

"ರುದ್ರಮ್ಮಾ, ಚೀಟ್ಯಾಗ ಎಂಟು ಗಂಟೆಗೆ ಮಾತ್ರೆ ಅಂತ ಬರದಿದ್ರ ಯಾವಾಗ ತಗೋತಿ?"

"ಎಂಟಕ್ಕೇ ನುಂಗ್ತೀನಿ. ಡಾಕ್ಟ್ರು ಬರ್ಕೊಟ್ಮೇಲೆ ನಂದೇನಿದೆ?"

"ಉಣ್ಣೂದು?"

"ನೀವು ಕೊಟ್ಟಾಗ. ನಾಲ್ಕು ಮನೆ ಮುಗಿಸಿ ಇಲ್ಲಿಗೆ ಬರೋ ಹೊತ್ತಿಗೆ ಹನ್ನೊಂದು." ರುದ್ರಮ್ಮ ಕೈಯ ಸೋಪು ಕೊಡವಿದಳು. "ಅಕ್ಕಾ, ಶಿವರಾತ್ರಿ ದಿನ ಬರೀ ಹೊಟ್ಟೇಲಿ ನುಂಗಿ ಇಲ್ಲೇ ಬಚ್ಚಲಲ್ಲಿ ಬಿದ್ದಿದ್ನಲ್ಲ. ನೀವೇ ಬೆಲ್ಲ ತಿನ್ಸಿದ್ರಿ. ಮರ್ತ್ರಾ?"

ಮರೆತಿರಲಿಲ್ಲ. ಅದೇ ಸಂಕಟ. ಆ ಬುಧವಾರ ಕಿವಿಗೊಟ್ಟು ಕೇಳಿದ್ದರೆ ಒಂದು ನಿಮಿಷದ ಮಾತಾಗಿತ್ತು.

ವಿಜಯಕುಮಾರ್ ಚೀಟಿ ನೋಡುತ್ತಾ ನಿಂತ. "ಪ್ರೋಗ್ರಾಂ ಏನೋ ಸರಿಯಾಗೇ ಅಚ್ಚು ಹಾಕುತ್ತೆ. ಎಂಟು ಅಂದ್ರೆ ಎಂಟೇ ಬರುತ್ತೆ. ಆದ್ರೆ ಸಾರ್ ಇದನ್ನ ಹೇಗೆ ಬಿಟ್ರು? ಅವರ ಕಣ್ಣು ತಪ್ಪಿಸಿ ಏನೂ ಹೋಗ್ತಿರಲಿಲ್ಲ."

ಅನ್ನಪೂರ್ಣ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚೀಟಿ ಹೇಗೂ ತಿದ್ದಿ ಹೋಗುತ್ತಿತ್ತು. ಕೊನೆಗೊಮ್ಮೆ ನಿಂಗರಾಜನೂ ತಪ್ಪಿದ ಅಂತ ಆಫೀಸಿನಲ್ಲಿ ನಾಲ್ಕು ದಿನ ಆಡಿಕೊಂಡು ಬಿಡುತ್ತಿದ್ದರು. ಸತ್ತವನಿಗೆ ಏನು?

"ಅವರು ತಪ್ಪಿಲ್ಲಪಾ," ಅಂದಳು. "ಅವರು ಓದಿದ್ರು. ನಾ ರೊಟ್ಟಿ ಬಡಿಯಾಕತ್ತಿದ್ದೆ. ಕೇಳಲಿಲ್ಲ. ಕೇಳದೇ ಹೂಂ ಅಂದೆ. ಎರಡು ಸಲ ಕೇಳಿದ್ರು, ಎರಡೂ ಸಲ ಹೂಂ ಅಂದೆ. ಈ ಗೆರಿ ನನ್ನದು."

"ಬಿಡಿ ಅತ್ತಿಗೆ" ಅಂದ.

"ಬಿಡೂದಲ್ಲ. ಪೆನ್ನು ಕೊಡು."

ಅವನು ಕೊಟ್ಟ. ಗಂಡನ ಕೈಯಿಂದ ಬಂದ ಕೊನೆಯ ಬರಹ ಅದು, ಒಂದು ಇಂಚಿನ ಗೆರೆ. ಅನ್ನಪೂರ್ಣ ಅದರ ಮೇಲೆ ಪೆನ್ನು ಒತ್ತಿ ಹೊಡೆದು ಹಾಕಿದಳು. ಉದ್ದಗೆರೆ ಮುಟ್ಟಲಿಲ್ಲ. ಅದು ಅವನೇ ನೋಡಿ ಹಾಕಿದ್ದು, ಸರಿಯಾಗಿಯೇ ಇತ್ತು.

"ಅಲ್ಲಿ ಎಲ್ಲಾರಿಗೂ ಹೇಳು," ಅಂದಳು. "ಹೆಂಡತಿ ಕೇಳಲಿಲ್ಲ ಅಂತ ಹೇಳು."

ಅವನು ಚೀಟಿ ತೆಗೆದುಕೊಂಡು ಹೋದ. ಆಫೀಸಿನ ಕಡತಕ್ಕೆ ಬೇಕಂತೆ. ಅದು ತನಗೇ ಇರಲಿ ಅಂತ ಕೇಳಬೇಕು ಎಂದು ಅವಳಿಗೆ ಅನ್ನಿಸಿತು. ಕೇಳಲಿಲ್ಲ.

ಒಂದು ತಿಂಗಳಾದ ಮೇಲೆ ಅವನು ಊಟಕ್ಕೆ ಬಂದಿದ್ದ. ಸೋಮವಾರ ತೋರಿಸಲು ಆಗದ್ದಕ್ಕೆ ಡಾಕ್ಟರು ಗೊಣಗಿದರಂತೆ. ಮುಂದಿನ ಸಲಕ್ಕೆ ಆಫೀಸಿನವರು ಹೊಸ ಚೀಟಿ ಬರೆದರು. ಈಗ ಔಷಧಿ ಕೊಡುವಾಕೆ ಮೊದಲು, ನೀವು ಊಟ ಮಾಡೋದು ಎಷ್ಟೊತ್ತಿಗೆ ಅಂತ ಕೇಳಬೇಕು. ಆ ಹೊತ್ತೇ ಅಚ್ಚಾಗುತ್ತದೆ, ಅದರ ಕೆಳಗೆ ಊಟವಾದ ಮೇಲೆ ಎಂದು. ಅಡ್ಡಗೆರೆ ಹಾಕುವ ಮುಂಚೆ ವಿಜಯಕುಮಾರ್ ತಾನೇ ನರ್ಸಿಂಗ್ ಹೋಮಿಗೆ ಹೋಗಿ ಒಂದು ಬೆಳಿಗ್ಗೆ ಪೂರ್ತಿ ಔಷಧಿ ಕಿಟಕಿಯ ಪಕ್ಕ ನಿಂತಿದ್ದನಂತೆ.

ರುದ್ರಮ್ಮನ ಔಷಧಿ ಚೀಟಿಯಲ್ಲಿ ಬೆಳಗಿನ ಮಾತ್ರೆಗೆ ಈಗ ಹನ್ನೊಂದು ಅಂತಿದೆ. ಅವಳಿಗೆ ಓದಲು ಬರುವುದಿಲ್ಲ. ಮಾತ್ರೆಯ ಡಬ್ಬಿ ಅನ್ನಪೂರ್ಣಳ ಅಡುಗೆಮನೆಯ ಗೂಡಿನಲ್ಲೇ ಇರುತ್ತದೆ. ದಿನಾ ಬೆಳಿಗ್ಗೆ ರುದ್ರಮ್ಮ ಬಂದ ಕೂಡಲೇ ಅನ್ನಪೂರ್ಣ ರೊಟ್ಟಿ ಬಡಿಯುವುದು ನಿಲ್ಲಿಸುತ್ತಾಳೆ. ಕೈಯ ಹಿಟ್ಟು ತೊಳೆದುಕೊಂಡು, ಒರೆಸಿಕೊಂಡು, ಎರಡು ರೊಟ್ಟಿ ಪಲ್ಯ ಹಾಕಿ ಕೊಟ್ಟು ಎದುರಿಗೆ ಕೂರುತ್ತಾಳೆ. ಉಂಡಾಯಿತಾ ಎಂದು ಕೇಳುತ್ತಾಳೆ. ರುದ್ರಮ್ಮ ಹೂಂ ಅನ್ನುತ್ತಾಳೆ. ಅನ್ನಪೂರ್ಣ ತಾಟು ನೋಡಿ, ಆಮೇಲೆ ಮಾತ್ರೆ ಕೊಡುತ್ತಾಳೆ.