ನಿಂಗಕ್ಕನ ಧಾಟಿ

ನನ್ನನ್ನು ಹಾಡುಗಾರ್ತಿ ಎಂದು ನಾಡಿಗೆಲ್ಲ ಪರಿಚಯಿಸಿದ ಆ ಹಾಡು ಜನಪದವಲ್ಲ. ಅದನ್ನು ಕಟ್ಟಿದವಳು ನಮ್ಮ ಮಿಶ್ರಿಕೋಟಿಯ ನಿಂಗಕ್ಕ. ಇನ್ನೂ ಬದುಕಿದ್ದಾಳೆ. ಗೊತ್ತಿದ್ದೂ ನಾನು ಸುಳ್ಳು ಹೇಳಿದೆ.

ಆಗ ಇಬ್ಬರೂ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದೆವು. ತನ್ನ ಆರು ವರ್ಷದ ಮಗಳು ಗೌರಿ ಜ್ವರ ಬಂದು ತೀರಿಕೊಂಡ ಮೇಲೆ, ನಿಂಗಕ್ಕ ಹೊಲದ ಸಾಲಿನಲ್ಲಿ ಕೂತೇ ಒಂದೊಂದು ನುಡಿ ಕಟ್ಟಿದಳು— ಮಗಳಿಗೆ ಜಡೆ ಹೆಣೆಯುವ ಹಾಡು, ಬಲು ನಿಧಾನದ ಧಾಟಿ. ಅವಳು ಹೇಳಿದ್ದನ್ನು ನಾನು ಹಿಂದಿನಿಂದ ಎತ್ತಿಕೊಳ್ಳುತ್ತಿದ್ದೆ. ಕಲಿತದ್ದು ಹಾಗೆ.

ಮುಂದೆ ಭಜನಾ ಮೇಳದಲ್ಲಿ ನನ್ನ ದನಿ ಕೇಳಿದ ಸಿನಿಮಾದವರು ಹುಬ್ಬಳ್ಳಿಗೆ ಕರೆಸಿದರು. ಅವರ ಮುಂದೆ ಇದನ್ನೇ ಹಾಡಿದೆ. "ಯಾರು ಬರೆದದ್ದು?" ಎಂದರು. ನಿಂಗಕ್ಕನ ಹೆಸರು ಹೇಳಿದರೆ ಅವಳನ್ನೇ ಕರೆಸಿ ಹಾಡಿಸಿಯಾರು, ನಾನು ಮತ್ತೆ ಕಳೆ ಕೀಳುವ ಕುರುಪಿ ಹಿಡಿದು ಹೊಲಕ್ಕೆ—

"ಯಾರೂ ಇಲ್ರಿ. ಜನಪದ ಐತ್ರಿ," ಎಂದೆ.

ನನ್ನದು ಎಂದು ಕೇಳುವವರಿಲ್ಲದ ಹಾಡಲ್ಲವೇ! ಅವರು ಗೌರಿಯ ಹೆಸರು ತೆಗೆದು ಗೆಳೆಯನನ್ನು ತಂದರು, ಕುಣಿತದ ತಾಳ ಹಾಕಿದರು. ನಾನು ಹಾಗೆಯೇ ಹಾಡಿಕೊಟ್ಟೆ. ಮದುವೆ ಮೆರವಣಿಗೆ, ಟ್ರ್ಯಾಕ್ಟರ್, ಮೊಬೈಲು, ಎಲ್ಲಿ ಕೇಳಿದರೂ ಅದೇ. ದುಬೈಗೂ ಹೋಗಿ ಹಾಡಿ ಬಂದೆ. ಊರಿಗೆ ಬಂದಾಗ ಮಾತ್ರ ನಿಂಗಕ್ಕನ ಓಣಿ ತಪ್ಪಿಸಿ ನಡೆದೆ, ಇಷ್ಟು ವರ್ಷ. ಈಗ ಜನ "ಅದನ್ನೊಂದು ಹಾಡ್ರಿ" ಅಂದರೆ ಸಾಕು, ನಿಂತಲ್ಲೇ ಕೂತುಬಿಡೋಣ ಅನ್ನಿಸುತ್ತದೆ. ಸಾಕಾಗಿದೆ. ಆದರೂ ಹಾಡುತ್ತೇನೆ.

ಹೋದ ವಾರ ಅವಳ ಮನೆಗೆ ಹೋದೆ. ಅಕ್ಕಿ ಆರಿಸುತ್ತ ಕೂತಿದ್ದಳು. ಆ ದಿನ ಹೇಳಿದ ಸುಳ್ಳನ್ನು ಅವಳೆದುರು ಒಪ್ಪಿಕೊಂಡೆ, ಇನ್ನು ಮೇಲೆ ಪ್ರತಿ ವೇದಿಕೆಯಲ್ಲೂ ನಿನ್ನ ಹೆಸರು ಹೇಳುತ್ತೇನೆ ಎಂದೆ. ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವಳು ಬೈಯಲಿಲ್ಲ. ಮೊರ ಬದಿಗಿಟ್ಟಳು.

"ಹೆಸರು ತಗೊಂಡು ನಾ ಏನ್ ಮಾಡ್ಲಿ ತಂಗಿ? ಓಣ್ಯಾಗೆಲ್ಲಾ ನಿಂದು ಕೇಳಿ ಕೇಳಿ ನನ್ನ ಧಾಟಿ ಮರತ ಹೋಗೈತಿ. ಗೌರಿಗೆ ಹಾಡೂಣು ಅಂತ ಕುಂತ್ರ ಆ ಕುಣಿಯೂ ಹಾಡ ಬಾಯಾಗ ಬರತೈತಿ. ನಿನಗರ ನೆನಪಿರಬೇಕಲ್ಲಾ... ಒಮ್ಮಿ ಹಾಡು."

ಕಣ್ಣು ಮುಚ್ಚಿ ಹಾಡಲು ನೋಡಿದೆ. ಸಿನಿಮಾದ್ದೇ ಬಂತು. ನಿಲ್ಲಿಸಿ, ನೀರು ಕುಡಿದು, ಮತ್ತೆ ಶುರು ಮಾಡಿದೆ. ಮತ್ತೂ ಅದೇ.

ನಿಂಗಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ, "ಇರ್ಲಿ ಬಿಡು" ಎಂದು ಮೊರ ಎತ್ತಿಕೊಂಡಳು.